ಪಡುವಣ ಕೆರೆಯ ಏರಿಯ ಮೇಲೆ

ಹೂಳೆತ್ತುವವರು ಇಲ್ಲದಿದ್ದರೆ ಚೀನಾದ ಹಾಂಗ್‌ಝೌ ನಗರದ ವೆಸ್ಟ್ ಲೇಕ್ ಇಷ್ಟು ಹೊತ್ತಿಗೆ ಗದ್ದೆಯಾಗಿರುತ್ತಿತ್ತು. 1089ರಲ್ಲಿ ಆ ಊರಿಗೆ ಆಡಳಿತಾಧಿಕಾರಿಯಾಗಿ ಬಂದ ಕವಿ ಸು ಡಾಂಗ್‌ಪೊಗೆ ಕಂಡದ್ದು ಅರ್ಧಕ್ಕರ್ಧ ಕಳೆ ಮುಚ್ಚಿಕೊಂಡ ಕೆರೆ. ಹೀಗೇ ಬಿಟ್ಟರೆ ಇನ್ನಿಪ್ಪತ್ತು ವರ್ಷಕ್ಕೆ ಕೆರೆಯೇ ಇರದು ಎಂದು ಆತ ಆಸ್ಥಾನಕ್ಕೆ ಬರೆದ. ಖರ್ಚಿಗೆಂದು ಬೌದ್ಧ ಭಿಕ್ಷುಗಳ ದೀಕ್ಷಾಪತ್ರಗಳನ್ನು ಕೇಳಿ ಪಡೆದ. ತೆರಿಗೆ, ಬಿಟ್ಟಿ ದುಡಿಮೆಗಳಿಂದ ವಿನಾಯಿತಿ ಕೊಡುತ್ತಿದ್ದ ಆ ಪತ್ರಗಳಿಗೆ ಆಗ ಒಳ್ಳೆಯ ಬೆಲೆಯಿತ್ತು. ಸರಿ, ಎತ್ತಿದ ಹೂಳನ್ನು ಎಲ್ಲಿ ಹಾಕುವುದು? ನಮ್ಮ ಬೆಂಗಳೂರಿನ ಕೆರೆಗಳ ಎಂಜಿನಿಯರುಗಳನ್ನು ಇವತ್ತಿಗೂ ಕಾಡುವ ಪ್ರಶ್ನೆ. ಸು ಅದನ್ನು ಕೆರೆಯ ಒಳಗೇ ತೆಂಕಣದಿಂದ ಬಡಗಣಕ್ಕೆ ಉದ್ದಕ್ಕೂ ಸುರಿಸಿ ಏರಿ ಮಾಡಿಸಿಬಿಟ್ಟ. ಸುಮಾರು 2.8 ಕಿಲೋಮೀಟರ್ ಉದ್ದ, ನಡುನಡುವೆ ಆರು ಕಮಾನು ಸೇತುವೆ, ಬದಿಗೆ ವಿಲ್ಲೋ ಮತ್ತು ಪೀಚ್ ಮರಗಳು.

ದಾವಣಗೆರೆಯ ಗಂಡ, ಸಾಗರದ ಹೆಂಡತಿ ಭಾನುವಾರ ಬೆಳಿಗ್ಗೆ ಈ ಏರಿಯ ಮೇಲೆ ಇರುತ್ತಾರೆ. ಗಂಡನ ಕೆಲಸ ಕೆಚಿಯಾವ್‌ನಲ್ಲಿ. ಪಕ್ಕದ ಶಾವೊಶಿಂಗ್ ನಗರದ ಈ ಭಾಗ ಚೀನಾದ ದೊಡ್ಡ ಬಟ್ಟೆ ಪೇಟೆ. ಭಾರತದ ಜವಳಿ ವ್ಯಾಪಾರಿಗಳು ಅಲ್ಲಿ ದೊಡ್ಡ ಸಂಖ್ಯೆಯಲ್ಲಿ ನೆಲೆಸಿದ್ದಾರೆ. ಥಾನು ಬಿಚ್ಚಿಸಿ, ನೇಯ್ಗೆಯ ದೋಷ ನೋಡಿ, ಕಂಟೇನರ್ ತುಂಬುವ ಮೊದಲು ಸಹಿ ಹಾಕುವುದು ಇವರ ಉದ್ಯೋಗ. ಗಿರಣಿಗಳ ಊರಿನಲ್ಲಿ ಬೆಳೆದವರಿಗೆ ಇದು ಹೊಸತೇನಲ್ಲ. 2021ರಲ್ಲಿ ಎರಡೂ ನಗರಗಳ ಮೆಟ್ರೊ ಒಂದಕ್ಕೊಂದು ಸೇರಿದ ಮೇಲೆ ಹಾಂಗ್‌ಝೌನಲ್ಲಿ ಮನೆ ಮಾಡಿ ಕೆಚಿಯಾವ್‌ಗೆ ಹೋಗಿಬರುವುದು ಸುಲಭವಾಗಿದೆ.

ಇಷ್ಟು ಕಾಲ ಚೀನಾದಲ್ಲಿದ್ದೂ ಇವರು ಗುಯಿಲಿನ್ ನೋಡಿಲ್ಲ, ಝಾಂಗ್‌ಜಿಯಾಜಿಯೆಯ ಕಲ್ಲಿನ ಕಂಬಗಳ ಎದುರು ಫೋಟೊ ತೆಗೆಸಿಕೊಂಡಿಲ್ಲ. ಊರಿಗೆ ಬಂದಾಗ ನೆಂಟರು ಇದನ್ನು ಕೇಳಿ ಮೂಗಿನ ಮೇಲೆ ಬೆರಳಿಡುತ್ತಾರೆ. ಈ ಅಂಕಣಕ್ಕೆ ಮಾತ್ರ ಇವರೇ ಬೇಕಾದವರು. ನಡಿಗೆಯ ರುಚಿ ಹತ್ತುವುದು ಅದೇ ದಾರಿಯಲ್ಲಿ ಮತ್ತೆ ಮತ್ತೆ ಹೋದಾಗ. ಹಾಗೆ ಹೋಗುವವರಿಗೆ ಹಾಂಗ್‌ಝೌ ಒದಗುವಷ್ಟು ಒದಗುವ ಮಹಾನಗರ ಕಡಿಮೆ. ಕೆರೆಯ ಸುತ್ತಿನ ಉದ್ಯಾನಗಳಿಗೆ ಟಿಕೆಟ್ ಇಲ್ಲ. 2008ರಲ್ಲಿ ಶುರುವಾದ ಸಾರ್ವಜನಿಕ ಸೈಕಲ್ ಮೊದಲ ಒಂದು ಗಂಟೆ ಉಚಿತ. ಜೀಬ್ರಾ ಪಟ್ಟೆಯ ಮೇಲೆ ಕಾಲಿಟ್ಟರೆ ಬಸ್ಸು ನಿಲ್ಲುತ್ತದೆ. ಇದನ್ನು ನಂಬಲು ದಾವಣಗೆರೆಯವರಿಗೆ ಬಹಳ ದಿನ ಬೇಕಾಯಿತಂತೆ; ಬಸ್ಸು ನಿಂತು, ಚಾಲಕ ಕೈಸನ್ನೆ ಮಾಡಿದರೂ ಇವರು ಹೋಗದೆ ನಿಂತಿರುತ್ತಿದ್ದರು.

ಒಂದು ತಕರಾರು ಇದೆ, ಹೇಳಿಬಿಡಬೇಕು. ಈ ಕೆರೆಗೆ ದಕ್ಷಿಣ ಸಾಂಗ್ ಕಾಲದಿಂದಲೂ ‘ಹತ್ತು ನೋಟ’ಗಳ ಪಟ್ಟಿಯೊಂದು ಅಂಟಿಕೊಂಡಿದೆ. 1699ರಲ್ಲಿ ಇತ್ತ ಬಂದ ಕಾಂಗ್‌ಶಿ ಚಕ್ರವರ್ತಿ ಆ ಹತ್ತಕ್ಕೂ ತನ್ನ ಕೈಬರಹ ಕೊಟ್ಟು ಕಲ್ಲು ನೆಡಿಸಿದ. ಪರಿಣಾಮ ಏನೆಂದರೆ ಪ್ರವಾಸಿಗರೆಲ್ಲ ಆ ಕಲ್ಲುಗಳ ಎದುರು ಸಾಲು ನಿಲ್ಲುತ್ತಾರೆ. ಹಿಮ ಬಿದ್ದ ದಿನ ‘ಮುರಿದ ಸೇತುವೆ’ಯ ಮೇಲೆ ಹಿಮ ಕಾಣುವುದಿಲ್ಲ, ಕೊಡೆ ಕಾಣುತ್ತವೆ. 2011ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಜನ ಕಡಿಮೆಯಾಗಲಿಲ್ಲ ಎಂದು ಬೇರೆ ಹೇಳಬೇಕಿಲ್ಲ.

ಆ ಹತ್ತರಲ್ಲಿ ಒಂದನ್ನು ಮಾತ್ರ ಬಿಡುವಂತಿಲ್ಲ. ನೀರಿನ ನಡುವೆ ಮೂರು ಪುಟ್ಟ ಕಲ್ಲಿನ ಗೋಪುರಗಳಿವೆ, ಒಂದು ಯುವಾನ್ ನೋಟಿನ ಬೆನ್ನಿಗೆ ಅಚ್ಚಾಗಿರುವುದು ಇವೇ. ಟೊಳ್ಳು ಗೋಪುರದೊಳಗೆ ದೀಪವಿಟ್ಟು, ಕಿಂಡಿಗಳಿಂದ ನೀರಿಗೆ ಬೀಳುವ ಬೆಳಕನ್ನು ಚಂದ್ರಬಿಂಬಗಳೆಂದು ಎಣಿಸುವುದು ಪ್ರವಾಸಿಗರ ಸಂಭ್ರಮ. ಸೂಳೆಕೆರೆಯ ಏರಿ ನೋಡಿ ಬೆಳೆದ ಗಂಡನಿಗೆ ಹಿಡಿಸಿದ್ದು ಗೋಪುರಗಳ ಮೂಲ ಕೆಲಸ. ಹೂಳೆತ್ತಿಸಿದ ಮೇಲೆ ಕಳೆ ಮತ್ತೆ ಬಾರದಂತೆ ಮಾಡಲು ಸು ಡಾಂಗ್‌ಪೊ ದಡದ ನೀರನ್ನು ಸಿಂಘಾಡ ಬೆಳೆಯುವವರಿಗೆ ಗುತ್ತಿಗೆಗೆ ಕೊಟ್ಟ. ಎರಡು ಕೊಂಬಿನ ಈ ನೀರುಕಾಯಿ ಬೆಳೆಯಬೇಕಾದರೆ ಪ್ರತಿ ವಸಂತದಲ್ಲೂ ಒಂದು ಎಳೆ ಬಿಡದಂತೆ ಕಳೆ ಕೀಳಬೇಕು; ಬೆಳೆಗಾರ ತನ್ನ ಹೊಟ್ಟೆಗಾಗಿ ಕೀಳುತ್ತಾನೆ, ಕೆರೆ ತಾನಾಗಿ ಚೊಕ್ಕವಾಗುತ್ತದೆ, ಗುತ್ತಿಗೆಯ ಹಣ ಮುಂದಿನ ದುರಸ್ತಿಗೆ ಒದಗುತ್ತದೆ. ಆದರೆ ಬೆಳೆ ಒಳಗೊಳಗೆ ಹಬ್ಬುತ್ತ ಹೋದರೆ ಅದೇ ಹೂಳಿಗೆ ದಾರಿ. ಅದಕ್ಕೇ ಇಲ್ಲಿಂದ ಒಳಗೆ ನೆಡಕೂಡದು ಎಂದು ನೀರಿನಲ್ಲಿ ಗಡಿಗಲ್ಲು ಹಾಕಿಸಿದ. ಈಗಿರುವ ಗೋಪುರಗಳು ಮಿಂಗ್ ಕಾಲದಲ್ಲಿ ಮತ್ತೆ ಕಟ್ಟಿದವು, ಗಡಿಗಲ್ಲಿನ ಕೆಲಸ ಯಾವತ್ತೋ ಮುಗಿದಿದೆ. ಆದರೂ ಒಂದು ಕೆರೆ ಹೇಗೆ ಉಳಿಯುತ್ತದೆ ಎಂಬುದಕ್ಕೆ ಇಷ್ಟು ಒಳ್ಳೆಯ ಪಾಠ ಯಾವ ಕಲ್ಲಿನಲ್ಲೂ ಇಲ್ಲ.

ಕೈತಾಗದ ಕಾಡು ಹುಡುಕಿಕೊಂಡು ಹಾಂಗ್‌ಝೌಗೆ ಹೋದವರು ನಿರಾಸೆಯಿಂದ ಮರಳುತ್ತಾರೆ. ಇಲ್ಲಿನ ಗುಡ್ಡ, ತೊರೆ, ತೋಪು ಎಲ್ಲವೂ ಸಾವಿರ ವರ್ಷ ಬಳಸಿ ಸವೆದವು. ಇಲ್ಲಿನವರು ನಡೆಯುವುದೂ ಹಾಗೆಯೇ, ಕೈಯಲ್ಲೊಂದು ಚೀಲ ಹಿಡಿದು.

ಮಾರ್ಚ್ ಬಂದರೆ ನೋಡಬೇಕು. ಹೊಳೆದಂಡೆಯ ಹುಲ್ಲಿನಲ್ಲಿ ಅಜ್ಜಿಯಂದಿರು ಕುಕ್ಕರಗಾಲಲ್ಲಿ ಕೂತು ಕತ್ತರಿಯಿಂದ ಮಾಲಾನ್‌ತೊವ್, ಜಿತ್ಸಾಯ್ ಎಂಬ ಸೊಪ್ಪುಗಳನ್ನು ಬಿಡಿಸುತ್ತಿರುತ್ತಾರೆ. ಸಾಗರದಾಕೆಗೆ ಇದನ್ನು ಹೇಳಿಕೊಡಬೇಕಾಗಲಿಲ್ಲ. “ರೀ, ಚೀಲ ತಂದಿದೀರಾ?” ಎಂದವರೇ ಪಕ್ಕದಲ್ಲಿ ಕೂತರು. ಗಿಡ ಗುರುತಿಸುವ ಆ್ಯಪ್ ಇದೆ, ಆದರೆ ಎಳೆಯದು ಯಾವುದು, ಬಲಿತದ್ದು ಯಾವುದು ಎಂದು ಹೇಳಲು ನೆರೆಮನೆಯ ಅಜ್ಜಿಯೇ ಬೇಕು. ಪಾರ್ಕಿನ ಹುಲ್ಲಿಗೆ ಔಷಧಿ ಹೊಡೆದಿರುತ್ತಾರೆ, ಅಲ್ಲಿ ಕೀಳಬೇಡ ಎಂಬ ಎಚ್ಚರಿಕೆಯೂ ಅವರದೇ. ಅಲ್ಲಿಯವರು ಮಾಲಾನ್‌ತೊವ್ ಸೊಪ್ಪನ್ನು ಬಿಸಿನೀರಿಗೆ ಹಾಕಿ ತೆಗೆದು, ಸಣ್ಣಗೆ ಹೆಚ್ಚಿ, ಗಟ್ಟಿ ತೋಫುವಿನ ಚೂರುಗಳ ಜೊತೆ ಎಳ್ಳೆಣ್ಣೆಯಲ್ಲಿ ಕಲಸುತ್ತಾರೆ. ಈ ಮನೆಯಲ್ಲಿ ಅದರ ತಂಬುಳಿಯಾಗುತ್ತದೆ. ಸಕ್ಕರೆ ಹಾಕದ ಮೊಸರು ಹುಡುಕಿ ತರುವುದು ಗಂಡನ ಪಾಲಿನ ಕೆಲಸ. ಸೊಪ್ಪು ಕೀಳುವುದಕ್ಕಿಂತ ಅದೇ ಕಷ್ಟ.

ಅಜ್ಜಿಯ ಗಡಿಯಾರವೇ ಬೇರೆ. ವರ್ಷವನ್ನು ಸೂರ್ಯನ ಚಲನೆಯಂತೆ 24 ಪಾಲು ಮಾಡಿಕೊಂಡ ಚೀನೀ ಪಂಚಾಂಗದಲ್ಲಿ ಒಂದೊಂದು ಪಾಲು ಹೆಚ್ಚುಕಡಿಮೆ ಹದಿನೈದು ದಿನ. ಮಾರ್ಚ್ ಮೊದಲ ವಾರದಲ್ಲಿ ಹುಳುಗಳು ಏಳುವ ಪಾಲು, ಏಪ್ರಿಲ್ 20ರ ಸುಮಾರಿಗೆ ಧಾನ್ಯದ ಮಳೆಯ ಪಾಲು. ಅಶ್ವಿನಿ, ಭರಣಿ, ಕೃತ್ತಿಕೆ ಎಂದು ಮಳೆ ಎಣಿಸಿದ ಮನೆಯಿಂದ ಬಂದ ಸಾಗರದಾಕೆಗೆ ಇದು ಬೇಗ ಒಗ್ಗಿತು. ಜೂನ್ ನಡುವೆ ಶುರುವಾಗಿ ಒಂದು ತಿಂಗಳು ಜಿಟಿಗುಟ್ಟುವ ಅಲ್ಲಿನ ‘ಪ್ಲಮ್ ಮಳೆ’ ನಮ್ಮ ಮೃಗಶಿರ, ಆರಿದ್ರಾ, ಪುನರ್ವಸುಗಳ ದಿನಗಳಿಗೇ ಬೀಳುತ್ತದೆ. ಬೀರುವಿನಲ್ಲಿಟ್ಟ ಚಪ್ಪಲಿಗೂ ಬೂಷ್ಟು, ಒಣಹಾಕಿದ ಬಟ್ಟೆಗೆ ಮಲೆನಾಡಿನದೇ ಮುಗ್ಗಲು ವಾಸನೆ. ಅದಾದ ಮೇಲಿನ ಬೇಸಿಗೆ ಬಗ್ಗೆ ಬರೆಯಲು ಏನೂ ಇಲ್ಲ. ಆ ಸೆಕೆಯಲ್ಲಿ ನಡೆಯುವವನಿಗೆ ಬುದ್ಧಿಯಿಲ್ಲ.

ಏಪ್ರಿಲ್ ಮೊದಲ ವಾರದ ಚಿಂಗ್‌ಮಿಂಗ್ ಹಬ್ಬಕ್ಕೆ ಮುಂಚೆ ಲಾಂಗ್‌ಜಿಂಗ್ ಹಳ್ಳಿಯ ಚಹಾ ಇಳಿಜಾರುಗಳಲ್ಲಿ ಸಾಲು ಸಾಲು ಹುಲ್ಲುಟೋಪಿ. ಹಬ್ಬಕ್ಕೆ ಮುಂಚೆ ಬಿಡಿಸಿದ ಚಿಗುರಿಗೆ ಕಣ್ಣು ಕುಕ್ಕುವ ಬೆಲೆ, ಹಬ್ಬ ಕಳೆದರೆ ಇಳಿಯುತ್ತದೆ. ಮನೆ ಜಗುಲಿಯಲ್ಲೇ ವಿದ್ಯುತ್ ಬಾಣಲೆ ಕಾದಿರುತ್ತದೆ. ಹುರಿಯುವವನು ಬರಿಗೈಯಲ್ಲಿ ಎಲೆಯನ್ನು ಬಾಣಲೆಯ ಬದಿಗೆ ಒತ್ತಿ, ಎಳೆದು, ಕೊಡವಿ, ಮತ್ತೆ ಒತ್ತಿ ಚಪ್ಪಟೆ ಮಾಡುತ್ತಾನೆ. ಇಲ್ಲಿಂದ ತೊರೆಯ ಜೊತೆಗೇ ಇಳಿಯುತ್ತ, ಹಾಸುಗಲ್ಲು ದಾಟುತ್ತ ಚಿಯಾನ್‌ತಾಂಗ್ ನದಿಯ ಕಡೆ ಹೋಗುವ ಜಿಯೂಶಿ ದಾರಿ ಈ ದಂಪತಿಯ ಅಚ್ಚುಮೆಚ್ಚು. ದಾರಿಯ ಕೊನೆಗೆ ಡಾನ್ ರೆಡ್‌ವುಡ್ ಮರಗಳಿವೆ. 1941ರಲ್ಲಿ ಜಪಾನಿನ ವಿಜ್ಞಾನಿ ಶಿಗೆರು ಮಿಕಿ ಪಳೆಯುಳಿಕೆ ನೋಡಿ ಹೆಸರಿಟ್ಟ ಈ ಜಾತಿ, ಅದೇ ದಶಕದಲ್ಲಿ ಮಧ್ಯ ಚೀನಾದ ಒಂದು ಕಣಿವೆಯಲ್ಲಿ ಜೀವಂತವಾಗಿ ಸಿಕ್ಕಿತು. ಈಗ ಬೀದಿಬದಿಯ ಮರ. ಡಿಸೆಂಬರ್ ಹೊತ್ತಿಗೆ ತುಕ್ಕುಗೆಂಪಾಗಿ ಎಲೆ ಉದುರಿಸುತ್ತದೆ.

ಎಲೆ ಉದುರುವುದನ್ನು ಶರತ್ಕಾಲಕ್ಕೇ ಮೀಸಲಿಟ್ಟವರಿಗೆ ಕರ್ಪೂರದ ಮರ ಉತ್ತರ ಕೊಡುತ್ತದೆ. ಹಾಂಗ್‌ಝೌನ ನಗರವೃಕ್ಷ ಅದು. ಏಪ್ರಿಲ್‌ನಲ್ಲಿ ಹೊಸ ಚಿಗುರು ಬರುವಾಗಲೇ ಹಳೆ ಎಲೆ ಕೆಂಪಾಗಿ ಉದುರುತ್ತದೆ, ಕಸ ಗುಡಿಸುವವರಿಗೆ ಪುರಸೊತ್ತಿಲ್ಲ. ಒಂದೆಲೆ ಹಿಸುಕಿ ಮೂಸಿದರೆ ಮಂಗಳಾರತಿಯ ತಟ್ಟೆ. ಇವತ್ತು ನಮ್ಮ ಅಂಗಡಿಗಳಲ್ಲಿ ಸಿಗುವ ಬಿಲ್ಲೆ ಹೆಚ್ಚಿನಂಶ ಟರ್ಪೆಂಟೈನ್‌ನಿಂದ ಕಾರ್ಖಾನೆಯಲ್ಲಿ ಆದದ್ದು. ಅಸಲಿ ವಾಸನೆ ಆ ರಸ್ತೆಯಲ್ಲಿದೆ.

ಆ ಮರಗಳ ಪೊಟರೆಗಳಲ್ಲಿ ಮ್ಯಾಂಡರಿನ್ ಬಾತುಗಳು ಗೂಡು ಮಾಡುತ್ತವೆ. ಮರಿಗಳು ಪೊಟರೆಯಿಂದ ನೆಲಕ್ಕೆ ಧುಮುಕಿ ತಾಯಿಯ ಹಿಂದೆ ನೀರಿಗಿಳಿಯುವ ಹೊತ್ತಿಗೆ ನಿವೃತ್ತರ ಕ್ಯಾಮೆರಾ ಪಡೆ ನಸುಕಿನಿಂದಲೇ ಠಿಕಾಣಿ ಹೂಡಿರುತ್ತದೆ. ಸ್ವಯಂಸೇವಕರು ಮರಿಗಳಿಗೆ ಕಾವಲಿರುತ್ತಾರೆ, ಫೋಟೊದವರನ್ನು ಹಿಂದೆ ಸರಿಸುತ್ತಾರೆ. ನಮ್ಮ ದಂಪತಿಗೆ ಅದಕ್ಕಿಂತ ಖುಷಿ ಕೊಟ್ಟದ್ದು ಕೋಗಿಲೆ. ನಮ್ಮದೇ ಕೆಂಗಣ್ಣಿನ ಕರಿ ಕೋಗಿಲೆ ವಸಂತದಲ್ಲಿ ಅಲ್ಲಿಗೂ ವಲಸೆ ಬರುತ್ತದೆ. ಇಲ್ಲಿ ಕಾಗೆಯ ಗೂಡಿಗೆ ಮೊಟ್ಟೆಯಿಟ್ಟರೆ ಅಲ್ಲಿ ಕೆಂಪುಕೊಕ್ಕಿನ ನೀಲಿ ಮ್ಯಾಗ್‌ಪೈ ಗೂಡಿಗೆ. ಅಲ್ಲಿನವರಿಗೆ ಅದರ ಕೂಗು ಸಂಗೀತವಲ್ಲ: ಬೆಳಗಿನ ಜಾವ ನಿದ್ದೆ ಕೆಡಿಸುತ್ತದೆ, ಏನಾದರೂ ಮಾಡಿ ಎಂದು ದೂರು ಕೊಡುವವರಿದ್ದಾರೆ. ಮಾಮರ, ವಸಂತ ಎಂದು ಸಾಲುಗಟ್ಟಲೆ ಹಾಡಿರುವ ಕನ್ನಡದವರು ಇದಕ್ಕೆ ಏನು ಹೇಳಬೇಕೊ!

ಪಶ್ಚಿಮದ ಗುಡ್ಡಗಳ ನಡುವೆ ಲಿಂಗ್‌ಯಿನ್ ದೇವಾಲಯ. ಕ್ರಿ.ಶ. 4ನೇ ಶತಮಾನದಲ್ಲಿ ಇದನ್ನು ಕಟ್ಟಿಸಿದವನು ಭಾರತದಿಂದ ಹೋದ ಭಿಕ್ಷು. ಚೀನೀ ದಾಖಲೆಗಳಲ್ಲಿ ಆತ ಹುಯಿಲಿ. ಎದುರಿನ ಪುಟ್ಟ ಬೆಟ್ಟ ನೋಡಿ, ಇದು ನಮ್ಮ ಗೃಧ್ರಕೂಟವಲ್ಲವೇ, ಇಲ್ಲಿಗೆ ಯಾವಾಗ ಹಾರಿ ಬಂತು ಎಂದನಂತೆ. ಯಾರೂ ನಂಬದಿದ್ದಾಗ, ಅಲ್ಲಿನ ಮಂಗವೂ ಜೊತೆಗೆ ಬಂದಿರಬೇಕು ಎಂದು ಗುಹೆಯ ಬಾಯಲ್ಲಿ ನಿಂತು ಕೂಗಿದ, ಬಿಳಿ ಮಂಗ ಹೊರಬಂತು ಎಂಬುದು ಕಥೆ. ಬೆಟ್ಟಕ್ಕೆ ‘ಹಾರಿಬಂದ ಶಿಖರ’ ಎಂದೇ ಹೆಸರು. ಸುತ್ತಲಿನ ಗುಡ್ಡಗಳೆಲ್ಲ ಮರಳುಗಲ್ಲಾಗಿದ್ದು ಇದೊಂದು ಮಾತ್ರ ಗುಹೆಗಳಿಂದ ತುಂಬಿದ ಸುಣ್ಣಕಲ್ಲಾಗಿರುವುದರಿಂದ, ಹೊರಗಿನದೆಂಬ ಭಿಕ್ಷುವಿನ ಅನುಮಾನಕ್ಕೆ ಕಲ್ಲಿನ ಆಧಾರವಂತೂ ಇದೆ. ಅಲ್ಲಿಂದ ಮೇಲಕ್ಕೆ ನಡೆದರೆ ಫಾಶಿ ದೇವಾಲಯ, ಮಾರ್ಚ್‌ನಲ್ಲಿ ಬೆಳ್ಳಗೆ ಅರಳುವ ಹಳೆಯ ಮ್ಯಾಗ್ನೋಲಿಯ, ಮತ್ತು ಸಸ್ಯಾಹಾರಿಗಳಿಗೆ ಎರಡು ಸಲ ಕೇಳದೆ ಉಣ್ಣಬಹುದಾದ ಊಟ.

ಚಳಿಗಾಲ ಬೇರೆಯೇ ಪರೀಕ್ಷೆ. ಚೀನಾದ ಸಾರ್ವಜನಿಕ ತಾಪನ ವ್ಯವಸ್ಥೆ ಇರುವುದು ಚಿನ್‌ಲಿಂಗ್ ಬೆಟ್ಟ ಮತ್ತು ಹುವಾಯ್ ನದಿಯ ಗೆರೆಯಿಂದ ಉತ್ತರಕ್ಕೆ. ಹಾಂಗ್‌ಝೌ ಗೆರೆಯ ದಕ್ಷಿಣಕ್ಕಿದೆ, ಚಳಿ ಮಾತ್ರ ಗೆರೆ ನೋಡುವುದಿಲ್ಲ. ದೋಸೆ ಹಿಟ್ಟು ಎರಡು ದಿನ ಇಟ್ಟರೂ ಉಬ್ಬುವುದಿಲ್ಲ. ಪಾತ್ರೆಗೆ ಕಂಬಳಿ ಹೊದಿಸಿ ಪಕ್ಕದಲ್ಲಿ ಬಿಸಿನೀರಿನ ಫ್ಲಾಸ್ಕ್ ಇಟ್ಟರೆ ಸ್ವಲ್ಪ ಆಸೆ.

ಆ ಚಳಿಯಲ್ಲೇ ಅಜ್ಜಿ ಇವರನ್ನು ತನ್ನ ತವರು ಲಿನ್‌ಆನ್‌ಗೆ ಕರೆದೊಯ್ದರು, ಕಳಲೆ ಕೀಳಲು. ಮಲೆನಾಡಿನಲ್ಲಿ ಕಳಲೆ ಮಳೆಗಾಲದ್ದು, ನೆಲ ಬಿಟ್ಟು ಮೇಲೆ ಬಂದದ್ದನ್ನು ಮುರಿಯುವುದು. ಮಾವೊ ಬಿದಿರಿನ ಚಳಿಗಾಲದ ಕಳಲೆ ನೆಲದೊಳಗೇ ಇರುತ್ತದೆ, ಹುಡುಕಬೇಕು. ಅಜ್ಜಿಯ ತಮ್ಮ ಮೊದಲು ನೆಲ ನೋಡಲಿಲ್ಲ, ತಲೆಯೆತ್ತಿ ಬಿದಿರು ನೋಡಿದ. ಎಲೆ ಕಡುಹಸಿರಾಗಿರುವ ಬಿದಿರು ಆರಿಸಿ, ಕೆಳಗಿನ ಟೊಂಗೆ ಚಾಚಿದ ದಿಕ್ಕು ಹಿಡಿದು, ಬೇರುಗಡ್ಡೆ ಹರಿದಿರುವ ಅಂದಾಜು ಮಾಡಿ ಬೂಟಿನಿಂದ ಮಣ್ಣು ಒತ್ತುತ್ತ ಹೋದ. ಕೂದಲೆಳೆ ಬಿರುಕು ಕಂಡಲ್ಲಿ ಸಣ್ಣ ಬಾಯಿಯ ಗುದ್ದಲಿ ಹಾಕಿದ. ಅಂಗೈಯಷ್ಟುದ್ದ, ಹಳದಿ ಸಿಪ್ಪೆಗೆ ಸಣ್ಣ ರೋಮ. ಬೇರಿಗೆ ಪೆಟ್ಟಾಗದಂತೆ ಕಡಿದು ತೆಗೆದು, ಗುಂಡಿ ಮುಚ್ಚಿ ತುಳಿದ. ದಾವಣಗೆರೆಯವರು ಗುದ್ದಲಿ ಇಸಿದುಕೊಂಡು ಅಗೆದಲ್ಲೆಲ್ಲ ಕಲ್ಲೇ ಸಿಕ್ಕಿತು.

ನಮ್ಮ ಕಳಲೆಯನ್ನು ಹೆಚ್ಚಿ ಮೂರು ದಿನ ನೀರು ಬದಲಿಸುತ್ತ ನೆನೆಸಬೇಕು, ಇಲ್ಲದಿದ್ದರೆ ಕಹಿ ಮತ್ತು ನಂಜು. ಇದಕ್ಕೆ ಒಂದು ಕುದಿ ಸಾಕು. ಇಂಡಿಯನ್ ಅಂಗಡಿಯಿಂದ ತಂದ ಒಣಕೊಬ್ಬರಿ, ಹುಣಸೆಹಣ್ಣು ಹಾಕಿ ಆಕೆ ಅವತ್ತು ರಾತ್ರಿಯೇ ಕಳಲೆ ಹುಳಿ ಮಾಡಿ ಅಜ್ಜಿಗೊಂದು ಡಬ್ಬಿ ಕಳಿಸಿದರು. ಮರುದಿನ ಡಬ್ಬಿ ತೊಳೆದು ವಾಪಸು ತಂದ ಅಜ್ಜಿ ಬಾಗಿಲಲ್ಲೇ ತೀರ್ಪು ಕೊಟ್ಟರು: ಕಳಲೆ ಸರಿಯಾಗಿ ಬೆಂದಿದೆ, ಹುಳಿ ಯಾಕೆ ಅಷ್ಟು, ಮುಂದಿನ ಸಲ ಒಂದು ತುಂಡು ಉಪ್ಪು ಹಂದಿಮಾಂಸ ಹಾಕು.