ಧವಲಾ ತಾಡಪತ್ರಗಳ ಚಿತ್ರಗಳು ಮತ್ತು ಸ್ಥಾಪನಾ ನಿಕ್ಷೇಪ

ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಶತಮಾನಗಳ ಕಾಲ ರಕ್ಷಿತವಾಗಿ ಬಂದ ಆಗಮಗ್ರಂಥಗಳ ತಾಡಪತ್ರ ಪ್ರತಿಗಳು ಎರಡು ಕಾರಣಗಳಿಂದ ವಿದ್ವಾಂಸರ ಗಮನವನ್ನು ಸೆಳೆದಿವೆ. ಮೊದಲನೆಯದಾಗಿ, ಪುಷ್ಪದಂತ ಭೂತಬಲಿಗಳ ಷಟ್ಖಂಡಾಗಮವೂ ಅದಕ್ಕೆ ವೀರಸೇನಾಚಾರ್ಯರು ಶಕ 738ರಲ್ಲಿ, ಎಂದರೆ ಕ್ರಿ.ಶ. 816ರಲ್ಲಿ, ಮುಗಿಸಿದ ಧವಲಾ ಟೀಕೆಯೂ ಲೋಕಕ್ಕೆ ಉಳಿದುಬಂದದ್ದು ಈ ಹಳಗನ್ನಡ ಲಿಪಿಯ ಓಲೆಗಳಿಂದ. ಎರಡನೆಯದಾಗಿ, ಹೊಯ್ಸಳ ವಿಷ್ಣುವರ್ಧನನ ಕಾಲಕ್ಕೆ ಸೇರುವ ಈ ಪ್ರತಿಗಳ ಕೆಲವು ಗರಿಗಳಲ್ಲಿ ವರ್ಣಚಿತ್ರಗಳಿವೆ. ಕರ್ನಾಟಕದ ಹಸ್ತಪ್ರತಿ ಚಿತ್ರಕಲೆಗೆ ಇವಕ್ಕಿಂತ ಪ್ರಾಚೀನವಾದ ನಿದರ್ಶನ ದೊರೆಯುವುದು ದುರ್ಲಭ. ಆದರೆ ಈ ಎರಡು ಗುಣಗಳು ಒಂದೇ ಗರಿಯ ಮೇಲಿವೆ ಎಂಬ ಸಂಗತಿಗೆ ಸಲ್ಲಬೇಕಾದ ಬೆಲೆ ಸಂದಿಲ್ಲ. ಸಿದ್ಧಾಂತಶಾಸ್ತ್ರಜ್ಞರು ಅಕ್ಷರಗಳನ್ನು ಓದಿ ಚಿತ್ರಗಳನ್ನು ಬಿಟ್ಟರು. ಕಲಾವಿಮರ್ಶಕರು ಚಿತ್ರಗಳನ್ನು ನೋಡಿ ಅಕ್ಷರಗಳನ್ನು ಬಿಟ್ಟರು.

ಕಲಾವಿಮರ್ಶೆಯಲ್ಲಿ ರೂಢವಾಗಿರುವ ಒಂದು ಅಭಿಪ್ರಾಯವೆಂದರೆ, ಈ ಚಿತ್ರಗಳಿಗೂ ಗ್ರಂಥವಿಷಯಕ್ಕೂ ಸಂಬಂಧವಿಲ್ಲ ಎಂಬುದು. ಮೇಲುನೋಟಕ್ಕೆ ಇದು ಯುಕ್ತವಾಗಿಯೇ ತೋರುತ್ತದೆ. ಕಲ್ಪಸೂತ್ರದ ಪಶ್ಚಿಮ ಭಾರತೀಯ ಪ್ರತಿಗಳಲ್ಲಿ ಚಿತ್ರವು ಕಥೆಯನ್ನು ಅನುಸರಿಸುತ್ತದೆ: ಸ್ವಪ್ನದರ್ಶನದ ಪ್ರಸಂಗದಲ್ಲಿ ಸ್ವಪ್ನಗಳೂ ಜನ್ಮಾಭಿಷೇಕದ ಪ್ರಸಂಗದಲ್ಲಿ ಅಭಿಷೇಕವೂ ಕಾಣುತ್ತವೆ. ಧವಲೆಯ ವಿಷಯವಾದರೋ ಜೀವಸ್ಥಾನ, ಬಂಧ, ವೇದನೆ, ವರ್ಗಣೆ ಮೊದಲಾದ ಕರ್ಮಸಿದ್ಧಾಂತ. ಅಲ್ಲಿ ಚಿತ್ರಿಸಲು ಕಥೆಯೇ ಇಲ್ಲ. ಆದರೂ ಗರಿಗಳಲ್ಲಿ ತೀರ್ಥಂಕರರು, ಬಾಹುಬಲಿ, ಅಂಬಿಕಾದಿ ಯಕ್ಷಿಯರು, ಶ್ರುತದೇವಿ, ಕೈಮುಗಿದ ಭಕ್ತರು ಕಾಣಿಸಿಕೊಳ್ಳುತ್ತಾರೆ. ಆದ್ದರಿಂದ ಇವು ಕೇವಲ ಅಲಂಕಾರ, ದಾನಿಗಳ ಭಕ್ತಿಯ ಕುರುಹು ಎಂದು ಹೇಳಿ ವಿಚಾರವನ್ನು ಮುಗಿಸುವುದುಂಟು.

ಈ ನಿರ್ಣಯದ ದೋಷವಿರುವುದು ಅದರ ಪೂರ್ವಗ್ರಹದಲ್ಲಿ. ಚಿತ್ರವು ಗ್ರಂಥದೊಡನೆ ಹೊಂದಬಹುದಾದ ಸಂಬಂಧ ಕಥಾನುಸರಣೆಯೊಂದೇ ಎಂದು ಅದು ಭಾವಿಸುತ್ತದೆ. ಒಂದು ವಸ್ತು ಮತ್ತೊಂದನ್ನು ಹೇಗೆ ಸೂಚಿಸುತ್ತದೆ ಎಂಬ ಪ್ರಶ್ನೆಗೆ ಜೈನ ಶಾಸ್ತ್ರದಲ್ಲಿ ಪ್ರತ್ಯೇಕವಾದ ವಿಚಾರವೇ ಇದೆ, ಅದು ನಿಕ್ಷೇಪ. ಧವಲೆಯು ತನ್ನ ಆರಂಭದಲ್ಲಿಯೇ ಮಂಗಲವೆಂದರೇನು ಎಂಬುದನ್ನು ನಾಮ, ಸ್ಥಾಪನಾ, ದ್ರವ್ಯ, ಕ್ಷೇತ್ರ, ಕಾಲ, ಭಾವ ಎಂಬ ಆರು ನಿಕ್ಷೇಪಗಳಿಂದ ವಿವೇಚಿಸುತ್ತದೆ. ಹೀಗಿರುವಲ್ಲಿ ಈ ಗರಿಗಳ ಚಿತ್ರಗಳನ್ನು ಅರಿಯುವ ಮಾನದಂಡವನ್ನು ಬೇರೆಡೆ ಹುಡುಕುವ ಮುನ್ನ ಅದೇ ಗರಿಗಳ ಅಕ್ಷರಗಳನ್ನು ಕೇಳುವುದು ನ್ಯಾಯ.

ಸ್ಥಾಪನೆಯೆಂದರೆ ‘ಇದು ಅದೇ’ ಎಂಬ ಬುದ್ಧಿಯಿಂದ ಒಂದರಲ್ಲಿ ಮತ್ತೊಂದನ್ನು ನೆಲೆಗೊಳಿಸುವುದು. ಕಾಷ್ಠಕರ್ಮ, ಚಿತ್ರಕರ್ಮ, ಅಕ್ಷನಿಕ್ಷೇಪ ಮುಂತಾದವು ಇದರ ಪ್ರಸಿದ್ಧ ಉದಾಹರಣೆಗಳು. ಆಕಾರಸಾಮ್ಯವಿದ್ದರೆ ಅದು ಸದ್ಭಾವ ಸ್ಥಾಪನೆ, ಇಲ್ಲದಿದ್ದರೆ ಅಸದ್ಭಾವ ಸ್ಥಾಪನೆ. ಎರಡನೆಯದಕ್ಕೆ ಇಂದಿನ ಲೋಕವ್ಯವಹಾರದಿಂದಲೇ ದೃಷ್ಟಾಂತ ಕೊಡಬಹುದು. ಬೆಂಗಳೂರಿನ ಪೂರ್ವಭಾಗದ ಬೈಯಪ್ಪನಹಳ್ಳಿಯಿಂದ ಮಹಾತ್ಮ ಗಾಂಧಿ ರಸ್ತೆಯವರೆಗೆ 2011ರ ಅಕ್ಟೋಬರ್ 20ರಂದು ಮೆಟ್ರೊ ರೈಲು ಸಂಚಾರ ಮೊದಲಾಯಿತು. 2023ರ ಅಕ್ಟೋಬರ್ ತಿಂಗಳಿಂದ ಆ ಮಾರ್ಗ ವೈಟ್‌ಫೀಲ್ಡ್‌ನಿಂದ ಚಲ್ಲಘಟ್ಟದವರೆಗೆ ಅಖಂಡವಾಗಿದೆ. ನಕ್ಷೆಯಲ್ಲಿ ಅದು ನೇರಳೆ ಬಣ್ಣದ ಒಂದು ಗೆರೆ. ಬೈಯಪ್ಪನಹಳ್ಳಿ ಆ ಗೆರೆಯ ಮೇಲಿನ ಒಂದು ಗುರುತು. ನೇರಳೆ ಬಣ್ಣಕ್ಕೂ ಆ ಊರುಗಳಿಗೂ ಯಾವ ಸಾದೃಶ್ಯವೂ ಇಲ್ಲ. ಆದರೂ ಪ್ರಯಾಣಿಕನಿಗೆ ಭ್ರಮೆಯಾಗುವುದಿಲ್ಲ, ಏಕೆಂದರೆ ಸಂಕೇತವನ್ನು ಎಲ್ಲರೂ ಒಪ್ಪಿದ್ದಾರೆ. ಆದರೆ ಊರು ತಲುಪಿದ ಮೇಲೆ ಆ ಗುರುತಿನಿಂದ ಪ್ರಯೋಜನವಿಲ್ಲ. ಅದಕ್ಕೆ ಯಾರೂ ಕೈಮುಗಿಯುವುದೂ ಇಲ್ಲ. ಜಿನಬಿಂಬದ ಸ್ಥಾಪನೆ ಇಷ್ಟಕ್ಕೆ ನಿಲ್ಲುವುದಿಲ್ಲ. ನಾಮಕ್ಕೂ ಸ್ಥಾಪನೆಗೂ ಭೇದವನ್ನು ಹೇಳುವಾಗ ಶಾಸ್ತ್ರಕಾರರು ಆದರವನ್ನು ಲಕ್ಷಣವಾಗಿ ಹೇಳಿರುವುದು ಇಲ್ಲಿ ಸ್ಮರಣೀಯ: ಜಿನನೆಂಬ ಹೆಸರುಳ್ಳವನಲ್ಲಿ ಹುಟ್ಟದ ಪೂಜ್ಯಬುದ್ಧಿ ಜಿನನ ಪ್ರತಿಮೆಯಲ್ಲಿ ಹುಟ್ಟುತ್ತದೆ.

ಒಂದೇ ಮೂರ್ತಿಯಲ್ಲಿ ಎರಡೂ ಬಗೆಯ ಸ್ಥಾಪನೆ ಕೂಡಿರುತ್ತದೆ. ಪರ್ಯಂಕಾಸನ, ನಾಸಾಗ್ರದೃಷ್ಟಿ, ನಿರಾಭರಣ ಶರೀರಗಳು ಸದ್ಭಾವದಿಂದ ವೀತರಾಗತೆಯನ್ನು ತೋರುತ್ತವೆ. ಮುಕ್ಕೊಡೆಯು ತ್ರಿಲೋಕಾಧಿಪತ್ಯವನ್ನು ಹೇಳುವುದು ಆಕಾರಸಾಮ್ಯದಿಂದಲ್ಲ, ಸಂಖ್ಯೆಯಿಂದಲೂ ಸಂಪ್ರದಾಯದಿಂದಲೂ. ಸಿಂಹವನ್ನು ನೋಡಿದರೆ ಈ ವಿವೇಕ ಎಷ್ಟು ಅವಶ್ಯವೆಂಬುದು ಸ್ಪಷ್ಟವಾಗುತ್ತದೆ. ಪೀಠದ ನಡುವೆ ಅಂಕಿತವಾದರೆ ಅದು ವರ್ಧಮಾನರ ಲಾಂಛನ. ಪೀಠದ ಎರಡು ಬದಿಗಳಲ್ಲಿ ಹೊತ್ತು ನಿಂತರೆ ಎಲ್ಲ ತೀರ್ಥಂಕರರಿಗೂ ಸಲ್ಲುವ ಸಿಂಹಾಸನದ ಅಂಗ. ಮಾವಿನ ಗೊಂಚಲೂ ಮಕ್ಕಳೂ ಇರುವ ದೇವಿಯ ಬಳಿ ಇದ್ದರೆ ಅಂಬಿಕೆಯ ವಾಹನ. ಪ್ರಾಣಿ ಒಂದೇ, ಅರ್ಥ ಮೂರು. ಅಪ್ರಕೃತಾರ್ಥವನ್ನು ನಿವಾರಿಸಿ ಪ್ರಕೃತಾರ್ಥವನ್ನು ನಿರೂಪಿಸುವುದೇ ನಿಕ್ಷೇಪದ ಫಲವೆಂದು ಶಾಸ್ತ್ರ ಹೇಳುತ್ತದೆ. ಲಾಂಛನಗಳ ಪಟ್ಟಿಯೊಂದನ್ನೇ ಕೈಯಲ್ಲಿ ಹಿಡಿದು ಮೂರ್ತಿಗಳನ್ನು ಗುರುತಿಸುವವರು ಎಡವುವುದು ಈ ಫಲವನ್ನು ಮರೆತಾಗಲೇ. ಹೆಡೆಗಳನ್ನು ಎಣಿಸದೆ ಸುಪಾರ್ಶ್ವರನ್ನು ಪಾರ್ಶ್ವರೆಂದು ಬರೆದುಬಿಡುವ ಪ್ರಮಾದವೂ ಈ ಜಾತಿಯದೇ.

ಈ ದೃಷ್ಟಿಯಿಂದ ಧವಲಾ ಗರಿಗಳನ್ನು ಮತ್ತೆ ನೋಡಿದರೆ, ‘ಸಂಬಂಧವಿಲ್ಲ’ ಎಂಬ ಮಾತು ನಿಲ್ಲುವುದಿಲ್ಲ. ಅಕ್ಷರರೂಪದ ಓಲೆ ದ್ರವ್ಯಶ್ರುತ. ಅದರ ಅಧ್ಯಯನದಿಂದ ಆತ್ಮನಲ್ಲಿ ಉಂಟಾಗಬೇಕಾದದ್ದು ಭಾವಶ್ರುತ. ಇವೆರಡರ ನಡುವೆ ಗರಿಯ ಮೇಲೆ ಕುಳಿತಿರುವ ಜಿನಬಿಂಬವೂ ಶ್ರುತದೇವಿಯೂ ಸ್ಥಾಪನಾ ಮಂಗಲ. ಅವು ವರ್ಗಣೆಯನ್ನಾಗಲಿ ವೇದನೆಯನ್ನಾಗಲಿ ಚಿತ್ರಿಸುವುದಿಲ್ಲ, ನಿಜ; ಗ್ರಂಥವು ಯಾರಿಂದ ಹೊರಟಿತೋ ಅವರನ್ನು ಓದುವವನ ಮುಂದೆ ನಿಲ್ಲಿಸುತ್ತವೆ. ಮಂಗಲವನ್ನು ಶಾಸ್ತ್ರದ ಆದಿ, ಮಧ್ಯ, ಅವಸಾನಗಳಲ್ಲಿ ಮಾಡಬೇಕೆಂಬುದು ಧವಲೆಯದೇ ಉಪದೇಶ. ವಾಚಿಕವಾದ ಮಂಗಲಕ್ಕೆ ಹೇಳಿದ ಪ್ರಯೋಜನವನ್ನು ಲಿಪಿಕಾರನೂ ಚಿತ್ರಕಾರನೂ ಕಣ್ಣಿಗೂ ಒದಗಿಸಿದ್ದಾರೆ. ಇದನ್ನು ಅಲಂಕಾರವೆಂದು ಕರೆಯುವುದು ನಮಸ್ಕಾರಸೂತ್ರವನ್ನು ಅಲಂಕಾರವೆಂದು ಕರೆದಂತೆ.

ಆದರೆ ಈ ವಾದವನ್ನು ಅದರ ಮೇರೆ ಮೀರಿ ಎಳೆಯುವುದೂ ಸಲ್ಲದು. ಗರಿಯ ಅಂಚಿನ ಹೂಬಳ್ಳಿಗಳನ್ನೆಲ್ಲ ತತ್ತ್ವಕ್ಕೆ ಹೊಂದಿಸಿ ಸಪ್ತಭಂಗಿಯನ್ನೋ ಗುಣಸ್ಥಾನಗಳನ್ನೋ ಹುಡುಕುವವರಿಗೆ ನಿಕ್ಷೇಪವು ಆಧಾರವಾಗಲಾರದು. ‘ಇದು ಅದೇ’ ಎಂಬ ಬುದ್ಧಿ ಪರಂಪರೆಯಿಂದ ಸಿದ್ಧವಾಗಿರದ ಕಡೆ ಸ್ಥಾಪನೆಯಿಲ್ಲ. ಅಲ್ಲಿರುವುದು ನೋಡುವವನ ಕಲ್ಪನೆ. ಹೂಬಳ್ಳಿ ಹೂಬಳ್ಳಿಯಾಗಿಯೇ ಇರಲಿ. ಕೈಮುಗಿದ ಭಕ್ತರ ಚಿತ್ರಗಳೂ ಪೂಜ್ಯಸ್ಥಾಪನೆಗಳಲ್ಲ, ಪೂಜಕರ ಸ್ಮರಣೆಗಳು. ಎಲ್ಲವೂ ಸಂಕೇತವೆಂದರೆ ಯಾವುದೂ ಸಂಕೇತವಾಗಿ ಉಳಿಯುವುದಿಲ್ಲ.

ಇದು ಕೇವಲ ಪಾಂಡಿತ್ಯದ ವಿನೋದವಲ್ಲ. ಧವಲೆಯ ಮುದ್ರಣ ಡಾ. ಹೀರಾಲಾಲ ಜೈನರ ಸಂಪಾದಕತ್ವದಲ್ಲಿ 1939ರಲ್ಲಿ ಆರಂಭವಾಗಿ 16 ಸಂಪುಟಗಳಲ್ಲಿ ಪೂರ್ಣಗೊಂಡಿತು. ಆರಂಭದ ಸಂಪುಟಗಳಿಗೆ ಆಧಾರವಾದದ್ದು ಮೂಲ ಗರಿಗಳಲ್ಲ, ಪ್ರತಿಗಳ ಪ್ರತಿಗಳು. ಸತ್ಪ್ರರೂಪಣೆಯ 93ನೆಯ ಸೂತ್ರದಲ್ಲಿ ‘ಸಂಜದ’ ಎಂಬ ಒಂದೇ ಪದ ಇರಬೇಕೋ ಬೇಡವೋ ಎಂಬ ವಿವಾದ ಸಮಾಜವನ್ನೇ ಕಲಕಿದಾಗ ಮೂಡುಬಿದಿರೆಯ ಓಲೆಗಳೇ ಸಾಕ್ಷಿಗೆ ಬರಬೇಕಾಯಿತು, ಪದ ಅಲ್ಲಿತ್ತು. ಲಿಪ್ಯಂತರದಲ್ಲಿ ಒಂದು ಪದ ಬಿದ್ದುಹೋದರೆ ಅದನ್ನು ಪಾಠದೋಷವೆಂದು ಕರೆಯುವ ವಿದ್ವತ್ಪರಂಪರೆ, ಚಿತ್ರಗಳೆಲ್ಲ ಬಿದ್ದುಹೋದರೂ ಅದನ್ನು ದೋಷವೆಂದು ಎಣಿಸಿಲ್ಲ.

ಹಸ್ತಪ್ರತಿ ಸೂಚಿಗಳನ್ನು ರಚಿಸುವವರು ಈಗಲಾದರೂ ಗರಿಯನ್ನು ಇಡಿಯಾಗಿ ವರ್ಣಿಸಬೇಕು. ಚಿತ್ರವಿರುವ ಗರಿಯ ಕ್ರಮಸಂಖ್ಯೆ, ಆ ಗರಿಯಲ್ಲಿ ಆರಂಭವಾಗುವ ಅಥವಾ ಮುಗಿಯುವ ಅಧಿಕಾರ, ದಾರದ ರಂಧ್ರಕ್ಕೂ ಅಕ್ಷರಪಂಕ್ತಿಗೂ ಹೊಂದಿಕೊಂಡ ಚಿತ್ರದ ಸ್ಥಾನ, ಪ್ರಶಸ್ತಿಯಲ್ಲಿ ಬರುವ ದಾನಿಗಳ ಹೆಸರು ಇವೆಲ್ಲ ಒಂದೇ ಕಡೆ ದಾಖಲಾಗಬೇಕು. ಛಾಯಾಚಿತ್ರ ತೆಗೆಯುವವರು ಬಿಂಬವನ್ನು ಕತ್ತರಿಸಿ ದೊಡ್ಡದಾಗಿಸುವ ಮುನ್ನ ಗರಿಯ ಎರಡು ತುದಿಗಳನ್ನೂ ಚೌಕಟ್ಟಿನೊಳಗೆ ತರಬೇಕು. ಶ್ರುತಪಂಚಮಿಯ ದಿನ ಶ್ರಾವಕರು ಶಾಸ್ತ್ರವನ್ನು ಪೀಠದ ಮೇಲಿಟ್ಟು ಪೂಜಿಸುವಾಗ ಅಕ್ಷರವನ್ನು ಬೇರೆ, ಬಿಂಬವನ್ನು ಬೇರೆ ಮಾಡಿ ಅರ್ಘ್ಯವನ್ನು ಎತ್ತುವುದಿಲ್ಲ. ಆ ಶ್ರಾವಕರು ಅಖಂಡವಾಗಿ ಕಾಣುವುದನ್ನು ಸಂಶೋಧಕರು ಅಖಂಡವಾಗಿಯೇ ಓದುವುದು ಯೋಗ್ಯ.