ಟೋಪಿಯಿಂದ ಮುಖದವರೆಗೆ: ರೊಮೇನಿಯಾದ ಪುರುಷ ಭಾವಚಿತ್ರಗಳನ್ನು ನೋಡುವ ಬಗೆ

ಭಾವಚಿತ್ರದ ಮುಂದೆ ನಿಂತವರ ಕಣ್ಣು ಸಹಜವಾಗಿ ಮುಖದ ಕಡೆಗೇ ಹೋಗುತ್ತದೆ. ಆದರೆ ಹತ್ತೊಂಬತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ವಾಲಾಕಿಯಾ ಮತ್ತು ಮೊಲ್ದಾವಿಯಾಗಳಲ್ಲಿ, ಎಂದರೆ 1859ರಲ್ಲಿ ಒಬ್ಬನೇ ಅರಸನ ಆಳ್ವಿಕೆಗೆ ಬಂದು ರೊಮೇನಿಯಾಕ್ಕೆ ಬುನಾದಿಯಾದ ಎರಡು ಸಂಸ್ಥಾನಗಳಲ್ಲಿ, ಬರೆಯಲಾದ ಪುರುಷರ ಚಿತ್ರಗಳನ್ನು ಮುಖದಿಂದ ಓದತೊಡಗಿದರೆ ಅರ್ಧ ವಿಷಯ ಕೈತಪ್ಪುತ್ತದೆ. ಅಲ್ಲಿ ಮೊದಲು ನೋಡಬೇಕಾದುದು ಟೋಪಿಯನ್ನು. ‘ಬೊಯಾರ್’ ಎನಿಸಿಕೊಂಡ ಭೂಮಾಲೀಕ ಕುಲೀನರು ಧರಿಸುತ್ತಿದ್ದ ‘ಇಶ್ಲಿಕ್’ ಎಂಬ ತುಪ್ಪಳದ ಭಾರೀ ಟೋಪಿ, ಆಟೊಮನ್ ಸುಲ್ತಾನನಿಗೆ ಕಪ್ಪ ಒಪ್ಪಿಸುತ್ತಿದ್ದ ಆ ನಾಡುಗಳಲ್ಲಿ ಅಂತಸ್ತಿನ ಗುರುತಾಗಿತ್ತು. ಇಸ್ತಾಂಬುಲ್ ಮಾದರಿಯ ನಿಲುವಂಗಿ, ನಡುಕಟ್ಟು, ನೀಳವಾದ ಗಡ್ಡ ಎಲ್ಲವೂ ಆ ಅಂತಸ್ತನ್ನೇ ಸಾರುತ್ತಿದ್ದವು.

ಇಂಥ ಚಿತ್ರಗಳನ್ನು ಬರೆದವರಲ್ಲಿ ಹಲವರು ‘ಜುಗ್ರಾವ್’ ಎಂದು ಕರೆಯಲ್ಪಡುತ್ತಿದ್ದ ಚರ್ಚಿನ ಭಿತ್ತಿಚಿತ್ರಕಾರರು. ಚರ್ಚು ಕಟ್ಟಿಸಿದ ದಾನಿಯನ್ನು, ಅದರ ಪುಟ್ಟ ಪ್ರತಿಕೃತಿಯನ್ನು ಕೈಯಲ್ಲಿ ಹಿಡಿದ ಭಂಗಿಯಲ್ಲಿ ಗೋಡೆಯ ಮೇಲೆ ಚಿತ್ರಿಸುವ ಹಳೆಯ ಪದ್ಧತಿ ಅವರಿಗೆ ಕೈವಶವಾಗಿದ್ದುದರಿಂದ, ಬಟ್ಟೆಯ ಮೇಲೆ ತೈಲವರ್ಣದಲ್ಲಿ ಬರೆದಾಗಲೂ ಗಟ್ಟಿಯಾದ ಹೊರರೇಖೆ, ಎಲ್ಲೆಡೆ ಸಮನಾಗಿ ಹರಡಿದ ಬೆಳಕು, ಮೈಯ ತೂಕಕ್ಕಿಂತ ಅಂಗಿಯ ನೇಯ್ಗೆಗೇ ಸಂದ ಶ್ರದ್ಧೆ ಉಳಿದುಕೊಂಡವು. ಇದನ್ನು ಕೈ ಪಳಗದ ಕೆಲಸವೆಂದು ತಳ್ಳಿಹಾಕುವುದು ಅವಸರದ ತೀರ್ಪು; ವ್ಯಕ್ತಿಗಿಂತ ಪದವಿಯನ್ನೇ ಬರೆಯಬೇಕಾಗಿದ್ದವನಿಗೆ ನೆರಳಿನ ಹಂಗಾದರೂ ಏಕೆ?

1830ರ ದಶಕದಿಂದ ಕಪ್ಪು ಕೋಟು ಬಂದಿತು. ಪ್ಯಾರಿಸ್ಸಿನಲ್ಲಿ ಓದಿ ಬಂದ ಮಗನು ಕೋಟು ತೊಟ್ಟಿದ್ದರೂ, ಮನೆಯಲ್ಲಿ ತಂದೆಯು ಇನ್ನೂ ನಿಲುವಂಗಿಯಲ್ಲೇ ಇದ್ದ ಕಾಲವದು. ಬೊಹೀಮಿಯಾ ಮೂಲದ ಆಂಟನ್ ಖ್ಲಾದೆಕ್‌ನಂಥವರು ಬುಖಾರೆಸ್ಟಿನಲ್ಲಿ ಮಧ್ಯ ಯುರೋಪಿನ ನಯವಾದ ಶೈಲಿಯನ್ನು ಬಳಕೆಗೆ ತಂದರು. ಎಲ್ಲರ ಕೋಟೂ ಒಂದೇ ಬಗೆಯದಾದ ಮೇಲೆ ಉಡುಪು ಹೇಳುತ್ತಿದ್ದುದನ್ನು ಮುಖವೇ ಹೇಳಬೇಕಾಯಿತು.

ಈ ಮಾರ್ಪಾಡನ್ನು ಅರಿಯಲು ಗಿಯೊರ್ಗೆ ತಟ್ಟರೆಸ್ಕು (1820–1894) ಬರೆದ ನಿಕೊಲಾಯೆ ಬಲ್ಚೆಸ್ಕುವಿನ ಚಿತ್ರಕ್ಕಿಂತ ಒಳ್ಳೆಯ ಪಾಠವಿಲ್ಲ. ಚರ್ಚಿನ ಚಿತ್ರಕಲೆಯಲ್ಲಿ ಪಳಗಿ, ಬಳಿಕ ರೋಮಿನಲ್ಲಿ ಕಲಿತ ತಟ್ಟರೆಸ್ಕು ಇದನ್ನು ಬರೆದದ್ದು 1851ರಲ್ಲಿ. 1848ರ ಕ್ರಾಂತಿ ಸೋತ ಮೇಲೆ ದೇಶಭ್ರಷ್ಟನಾಗಿದ್ದ ಇತಿಹಾಸಕಾರ ಬಲ್ಚೆಸ್ಕು ಆಗ ಕ್ಷಯದಿಂದ ನರಳುತ್ತಿದ್ದು, ಮರುವರ್ಷವೇ ಪಲೆರ್ಮೊದಲ್ಲಿ ತೀರಿಕೊಂಡನು. ಕೋಟೂ ಹಿನ್ನೆಲೆಯೂ ಗಾಢವಾಗಿದ್ದು ಒಂದರೊಳಗೊಂದು ಕರಗುವುದರಿಂದ, ಬೆಳಕೆಲ್ಲ ಬಿಳುಚಿದ ಹಣೆಯ ಮೇಲೆ ನಿಲ್ಲುತ್ತದೆ. ನೋಟಕನು ಇಲ್ಲಿ ಪದವಿಯ ಕುರುಹನ್ನು ಹುಡುಕಬಾರದು. ಕಪ್ಪಿನ ಅಂಚು ಎಲ್ಲಿ ಮುಗಿದು ಮುಖ ಎಲ್ಲಿ ತೊಡಗುತ್ತದೆ ಎಂಬುದನ್ನು ನಿಧಾನವಾಗಿ ಗಮನಿಸಬೇಕು.

1864ರಲ್ಲಿ ತಟ್ಟರೆಸ್ಕು ಮತ್ತು ಚಿತ್ರಕಾರ ಥಿಯೊಡೊರ್ ಅಮನ್ ಬುಖಾರೆಸ್ಟಿನಲ್ಲಿ ಲಲಿತಕಲಾ ಶಾಲೆಯನ್ನು ಆರಂಭಿಸಿದ ಮೇಲೆ ಮುಖವನ್ನೇ ಮಾತಾಡಿಸುವ ಈ ಕೌಶಲ ಪಠ್ಯಕ್ರಮವಾಯಿತು; ಸ್ವಲ್ಪ ಮಟ್ಟಿಗೆ ಜಡವೂ ಆಯಿತೆನ್ನಬೇಕು. ಜಡತೆಯನ್ನು ಮುರಿದವನು ಖ್ಲಾದೆಕ್‌ನ ಶಿಷ್ಯ ನಿಕೊಲಾಯೆ ಗ್ರಿಗೊರೆಸ್ಕು (1838–1907). 1880ರ ಸುಮಾರಿನ ಅವನ ‘ಹೆಬ್ಬಾತು ಹಿಡಿದ ಯಹೂದಿ’ಯಲ್ಲಿ ಉಡುಪು ಮತ್ತೆ ಮಾತಾಡುತ್ತದೆ, ಆದರೆ ಅದು ಬೊಯಾರನ ನಿಲುವಂಗಿಯಲ್ಲ. 1866ರ ಸಂವಿಧಾನ ಕ್ರೈಸ್ತರಲ್ಲದ ಪರಕೀಯರಿಗೆ ಪೌರತ್ವದ ಬಾಗಿಲು ಮುಚ್ಚಿದ್ದ ನಾಡಿನಲ್ಲಿ, ಉದ್ದನೆಯ ಮೇಲಂಗಿ ತೊಟ್ಟ ಮನುಷ್ಯನೊಬ್ಬ ಹೆಬ್ಬಾತೊಂದನ್ನೂ ಅರ್ಜಿಯ ಕಾಗದವನ್ನೂ ಹಿಡಿದು ನಿಂತಿದ್ದಾನೆ.