‘ಸುರಕ್ಷಿತ’ ಎಂದರೆ ಎಷ್ಟು ವರ್ಷ? ಸ್ತನ ಇಂಪ್ಲಾಂಟ್‌ಗಳ ದೀರ್ಘಾವಧಿ ಲೆಕ್ಕ

ಯಾವುದೇ ಸಾಧನವನ್ನು ‘ಸುರಕ್ಷಿತ’ ಎಂದು ಕರೆದಾಗ ವಿಜ್ಞಾನದ ವಿದ್ಯಾರ್ಥಿ ಎರಡು ಪ್ರಶ್ನೆಗಳನ್ನು ಕೇಳಬೇಕು. ಎಷ್ಟು ಜನರನ್ನು ಗಮನಿಸಿ ಹೀಗೆ ಹೇಳಿದಿರಿ? ಎಷ್ಟು ಕಾಲ ಗಮನಿಸಿದಿರಿ? ಸ್ತನ ಇಂಪ್ಲಾಂಟ್‌ಗಳ ಕುರಿತ ಪ್ರಚಾರ ಸಾಮಗ್ರಿ ಬಹುಮಟ್ಟಿಗೆ ಶಸ್ತ್ರಚಿಕಿತ್ಸೆಯ ದಿನದ ಬಗ್ಗೆ ಮಾತನಾಡುತ್ತದೆ. ಹತ್ತು ಹದಿನೈದು ವರ್ಷಗಳ ನಂತರ ಏನಾಗುತ್ತದೆ ಎಂಬುದರ ಬಗ್ಗೆ ಮೌನವಾಗಿರುತ್ತದೆ. ಈ ಮೌನವೇ ಇಲ್ಲಿನ ವಿಮರ್ಶೆಯ ವಸ್ತು.

ರಾಯಚೂರಿನಲ್ಲಿ ಕುಳಿತು ಇದನ್ನೇಕೆ ಚರ್ಚಿಸಬೇಕು ಎಂದು ಅಧ್ಯಾಪಕ ಮಿತ್ರರು ಕೇಳಬಹುದು. ಇಂಪ್ಲಾಂಟ್ ಕೇವಲ ಸೌಂದರ್ಯಕ್ಕಾಗಿ ಅಲ್ಲ. ಕ್ಯಾನ್ಸರ್‌ನಿಂದಾಗಿ ಸ್ತನ ತೆಗೆಸಿಕೊಂಡವರಿಗೆ ಅದನ್ನು ಪುನರ್ರಚಿಸುವ ವಿಧಾನಗಳಲ್ಲಿ ಅದೂ ಒಂದು. ದೇವದುರ್ಗದ ಅಥವಾ ಮಾನ್ವಿಯ ಮಹಿಳೆ ಇಂತಹ ಚಿಕಿತ್ಸೆಗೆ ಬೆಂಗಳೂರಿಗೋ ಹೈದರಾಬಾದಿಗೋ ಹೋದರೆ ದಾಖಲೆಗಳು ಅಲ್ಲಿಯೇ ಉಳಿಯುತ್ತವೆ, ಇಂಪ್ಲಾಂಟ್ ಮಾತ್ರ ಅವರೊಂದಿಗೆ ಊರಿಗೆ ಬರುತ್ತದೆ. ಎಷ್ಟೋ ವರ್ಷಗಳ ನಂತರ ಬಾವು ಬಂದಾಗ ಅವರು ಮೊದಲು ಹೋಗುವುದು ತಾಲ್ಲೂಕು ಆಸ್ಪತ್ರೆಗೆ. ಅಲ್ಲಿನ ವೈದ್ಯರಿಗೆ ಒಳಗಿರುವುದು ಯಾವ ಕಂಪನಿಯ ಯಾವ ಮಾದರಿ ಎಂಬುದು ತಿಳಿಯುವ ಬಗೆ ಹೇಗೆ?

ಚೀಲ ಮತ್ತು ದೇಹ

ಸಿಲಿಕಾನ್ ಒಂದು ಧಾತು. ಸಿಲಿಕೋನ್ ಎಂಬುದು ಸಿಲಿಕಾನ್ ಮತ್ತು ಆಕ್ಸಿಜನ್ ಪರಮಾಣುಗಳ ಸರಪಳಿಯುಳ್ಳ ಪಾಲಿಮರ್. ಸಿಲಿಕೋನ್ ರಬ್ಬರಿನ ಚೀಲದಲ್ಲಿ ಸಿಲಿಕೋನ್ ಜೆಲ್ ತುಂಬಿದ ಇಂಪ್ಲಾಂಟನ್ನು 1962ರಲ್ಲಿ ಅಮೆರಿಕದ ಹ್ಯೂಸ್ಟನ್‌ನಲ್ಲಿ ಮೊದಲು ಬಳಸಲಾಯಿತು. ಚೀಲದಲ್ಲಿ ಉಪ್ಪುನೀರು ತುಂಬಿದ ಮಾದರಿಗಳೂ ಇವೆ.

ಹೊರಗಿನ ವಸ್ತು ಒಳಸೇರಿದಾಗ ದೇಹವು ಅದರ ಸುತ್ತ ನಾರಿನಂತಹ ಅಂಗಾಂಶದ ಕವಚ ಕಟ್ಟುತ್ತದೆ. ಇದು ಸಹಜ ಪ್ರತಿಕ್ರಿಯೆ. ಕೆಲವರಲ್ಲಿ ಈ ಕವಚ ಬಿಗಿಯಾಗಿ ಕುಗ್ಗುತ್ತದೆ. ಒಳಗಿನ ಜೆಲ್‌ನ ಘನಗಾತ್ರ ಬದಲಾಗದು. ನಿರ್ದಿಷ್ಟ ಘನಗಾತ್ರಕ್ಕೆ ಅತಿ ಕಡಿಮೆ ಮೇಲ್ಮೈ ಇರುವ ಆಕಾರ ಗೋಳ. ಆದ್ದರಿಂದ ಕುಗ್ಗುವ ಕವಚವು ಇಂಪ್ಲಾಂಟನ್ನು ಗೋಳದತ್ತ ಒತ್ತುತ್ತದೆ. ಸ್ತನ ಗಟ್ಟಿಯಾಗಿ, ವಿಕಾರಗೊಂಡು, ನೋಯತೊಡಗುತ್ತದೆ.

ಎರಡನೆಯ ತೊಂದರೆ ಚೀಲ ಹರಿಯುವುದು. ಉಪ್ಪುನೀರಿನ ಚೀಲ ಹರಿದರೆ ಕುಗ್ಗಿದ್ದು ಕಣ್ಣಿಗೆ ಕಾಣುತ್ತದೆ. ಜೆಲ್ ಚೀಲ ಹರಿದರೆ ಹಲವೊಮ್ಮೆ ಯಾವ ಸೂಚನೆಯೂ ಇರುವುದಿಲ್ಲ. ಆದ್ದರಿಂದಲೇ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ (ಎಫ್‌ಡಿಎ) 2020ರಲ್ಲಿ, ಜೆಲ್ ಇಂಪ್ಲಾಂಟ್ ಇರುವವರು 5-6 ವರ್ಷಗಳಿಗೆ ಮೊದಲ ಬಾರಿ, ನಂತರ 2-3 ವರ್ಷಗಳಿಗೊಮ್ಮೆ ಅಲ್ಟ್ರಾಸೌಂಡ್ ಅಥವಾ ಎಂಆರ್‌ಐ ಪರೀಕ್ಷೆ ಮಾಡಿಸಿಕೊಳ್ಳಬೇಕೆಂದು ಸೂಚಿಸಿತು. ಚಿಕಿತ್ಸೆಯ ಮೊದಲ ಬಿಲ್ಲಿನಲ್ಲಿ ಈ ವೆಚ್ಚ ಕಾಣುವುದಿಲ್ಲ.

ಈ ಪರೀಕ್ಷೆಯಲ್ಲೂ ಒಂದು ಭೌತಶಾಸ್ತ್ರದ ಪಾಠವಿದೆ. ಅಲ್ಟ್ರಾಸೌಂಡ್ ಯಂತ್ರವು ಶಬ್ದದ ವೇಗ ಸೆಕೆಂಡಿಗೆ 1540 ಮೀಟರ್ ಎಂದು ಭಾವಿಸಿ ಆಳವನ್ನು ಲೆಕ್ಕ ಹಾಕುತ್ತದೆ. ಸಿಲಿಕೋನ್ ಜೆಲ್‌ನಲ್ಲಿ ಈ ವೇಗ ಸುಮಾರು 1000 ಮೀಟರ್ ಮಾತ್ರ. ಹೀಗಾಗಿ 4 ಸೆಂ.ಮೀ. ದಪ್ಪದ ಜೆಲ್ ಪರದೆಯ ಮೇಲೆ ಸುಮಾರು 6.2 ಸೆಂ.ಮೀ. ಎಂದು ಕಾಣುತ್ತದೆ. ಒಳಗೆ ಇಂಪ್ಲಾಂಟ್ ಇದೆಯೆಂದು, ಅದು ಯಾವ ಬಗೆಯದೆಂದು ಪರೀಕ್ಷಕರಿಗೆ ಮೊದಲೇ ಹೇಳಬೇಕಾದದ್ದು ಇದಕ್ಕಾಗಿಯೂ ಅವಶ್ಯ.

ಕಾಣೆಯಾದವರ ಲೆಕ್ಕ

ಜೆಲ್ ಇಂಪ್ಲಾಂಟ್‌ಗಳ ಬಳಕೆಯನ್ನು 1992ರಲ್ಲಿ ಬಹುಪಾಲು ನಿರ್ಬಂಧಿಸಿದ್ದ ಎಫ್‌ಡಿಎ, 2006ರಲ್ಲಿ ಅಲರ್ಗನ್ ಮತ್ತು ಮೆಂಟರ್ ಕಂಪನಿಗಳಿಗೆ ಅನುಮತಿ ನೀಡಿತು. ಸಾವಿರಾರು ಮಹಿಳೆಯರನ್ನು ಹತ್ತು ವರ್ಷ ಗಮನಿಸಬೇಕೆಂಬ ಷರತ್ತು ಹಾಕಿತು. 2011ರಲ್ಲಿ ಹೊರಬಂದ ವರದಿ ನಿರಾಶಾದಾಯಕ: ಮೂರು ವರ್ಷ ಮುಗಿಯುವಷ್ಟರಲ್ಲಿ ಮೆಂಟರ್‌ನ ಅಧ್ಯಯನದಿಂದ ಶೇ. 79ರಷ್ಟು, ಎರಡು ವರ್ಷಗಳಲ್ಲಿ ಅಲರ್ಗನ್‌ನ ಅಧ್ಯಯನದಿಂದ ಸುಮಾರು ಶೇ. 40ರಷ್ಟು ಮಹಿಳೆಯರು ಲೆಕ್ಕದಿಂದ ಬಿಟ್ಟುಹೋಗಿದ್ದರು.

ಇದರ ಅರ್ಥವನ್ನು ತರಗತಿಯಲ್ಲಿ ಹೀಗೆ ತೋರಿಸಬಹುದು. 1000 ಮಂದಿಯಲ್ಲಿ 790 ಮಂದಿ ಬಿಟ್ಟುಹೋದರು, ಉಳಿದ 210ರಲ್ಲಿ 21 ಮಂದಿಗೆ ತೊಂದರೆ ಕಂಡಿತು ಎಂದಿಟ್ಟುಕೊಳ್ಳಿ. ತೊಂದರೆಯ ಪ್ರಮಾಣ ಎಷ್ಟು? ಉಳಿದವರಲ್ಲಿ ಶೇ. 10. ಬಿಟ್ಟುಹೋದವರೆಲ್ಲ ಆರೋಗ್ಯವಾಗಿದ್ದರೆ ಶೇ. 2.1. ಅವರೆಲ್ಲರಿಗೂ ತೊಂದರೆಯಾಗಿದ್ದರೆ ಶೇ. 81.1. ಅಳತೆಯಲ್ಲಿ ಇಷ್ಟು ಅನಿಶ್ಚಿತತೆ ಇದ್ದರೆ ಪದವಿ ತರಗತಿಯ ಪ್ರಯೋಗದ ದಾಖಲೆ ಪುಸ್ತಕಕ್ಕೂ ನಾವು ಸಹಿ ಹಾಕುವುದಿಲ್ಲ.

ಇನ್ನೊಂದು ಎಚ್ಚರಿಕೆ. ವಿಕಿರಣಶೀಲ ಪರಮಾಣು ಬೀಜಕ್ಕೆ ವಯಸ್ಸಾಗುವುದಿಲ್ಲ. ಅದರ ಕ್ಷಯದ ಸಂಭವನೀಯತೆ ಪ್ರತಿವರ್ಷವೂ ಅಷ್ಟೇ. ಪಾಲಿಮರ್ ಚೀಲ ಹಾಗಲ್ಲ. ಮಡಿಕೆಗಳಲ್ಲಿ ಅದು ಮತ್ತೆ ಮತ್ತೆ ಬಾಗಿ ಸವೆಯುತ್ತದೆ. ಮೊದಲ ಮೂರು ವರ್ಷಗಳ ದರವನ್ನೇ ಇಪ್ಪತ್ತು ವರ್ಷಕ್ಕೆ ಎಳೆದರೆ ಅಪಾಯವನ್ನು ಕಡಿಮೆ ಎಣಿಸಿದಂತೆ. ಸೌಂದರ್ಯಕ್ಕಾಗಿ ಮೊದಲ ಸಲ ಹಾಕಿಸಿಕೊಂಡ ಐವರಲ್ಲಿ ಒಬ್ಬರವರೆಗೆ, ಪುನರ್ರಚನೆಗಾಗಿ ಹಾಕಿಸಿಕೊಂಡ ಇಬ್ಬರಲ್ಲಿ ಒಬ್ಬರವರೆಗೆ ಹತ್ತು ವರ್ಷಗಳೊಳಗೆ ಇಂಪ್ಲಾಂಟ್ ತೆಗೆಸಬೇಕಾಗಬಹುದೆಂದು ಅದೇ 2011ರ ವರದಿ ಹೇಳಿತು. ಇಂಪ್ಲಾಂಟ್ ಜೀವಮಾನದ ಸಾಧನವಲ್ಲ ಎಂಬ ಮಾತನ್ನು ಎಫ್‌ಡಿಎ 2021ರಲ್ಲಿ ಪೆಟ್ಟಿಗೆಯೊಳಗಿನ ಎಚ್ಚರಿಕೆಯಾಗಿ ಕಡ್ಡಾಯಗೊಳಿಸಿತು.

ತಡವಾಗಿ ಕಂಡ ಕಾಯಿಲೆ

ಇಂಪ್ಲಾಂಟಿನ ಸುತ್ತಲಿನ ಕವಚದಲ್ಲಿ ಹುಟ್ಟುವ ಅಪರೂಪದ ಲಿಂಫೋಮಾ ಮೊದಲು ವರದಿಯಾದದ್ದು 1997ರಲ್ಲಿ, ಅಂದರೆ ಬಳಕೆ ಆರಂಭವಾಗಿ 35 ವರ್ಷಗಳ ಮೇಲೆ. ಇದು ಸ್ತನ ಕ್ಯಾನ್ಸರ್ ಅಲ್ಲ. ರೋಗನಿರೋಧಕ ವ್ಯವಸ್ಥೆಯ ಕ್ಯಾನ್ಸರ್. ಒರಟು ಮೇಲ್ಮೈಯ ಇಂಪ್ಲಾಂಟ್‌ಗಳೊಂದಿಗೆ ಇದರ ಸಂಬಂಧ ಹೆಚ್ಚು. 2019ರ ಜುಲೈನಲ್ಲಿ ಎಫ್‌ಡಿಎ ಲೆಕ್ಕದಲ್ಲಿ ಜಗತ್ತಿನಾದ್ಯಂತ 573 ಪ್ರಕರಣ, 33 ಸಾವು ಇದ್ದವು. ಅಲರ್ಗನ್ ಕಂಪನಿ ‘ಬಯೋಸೆಲ್’ ಮಾದರಿಯನ್ನು ಹಿಂತೆಗೆದುಕೊಂಡಿತು. ಫ್ರಾನ್ಸಿನ ಪಿಐಪಿ ಕಂಪನಿಯದು ನೇರ ವಂಚನೆ. ವೈದ್ಯಕೀಯ ದರ್ಜೆಯಲ್ಲದ ಕೈಗಾರಿಕಾ ಸಿಲಿಕೋನನ್ನು ಅದು ತುಂಬುತ್ತಿದ್ದುದು 2010ರಲ್ಲಿ ಬಯಲಾಯಿತು.

ಭಯ ಹುಟ್ಟಿಸುವ ಬರಹಗಳನ್ನೂ ಇದೇ ಅಳತೆಗೋಲಿನಿಂದ ನೋಡಬೇಕು. ಇಂಪ್ಲಾಂಟ್‌ನಿಂದ ಸಂಧಿವಾತದಂತಹ ರೋಗಗಳು ಬರುತ್ತವೆ ಎಂಬುದಕ್ಕೆ ಸಾಕಷ್ಟು ಪುರಾವೆಯಿಲ್ಲ, ಆದರೆ ಸ್ಥಳೀಯ ತೊಂದರೆಗಳು ಸಾಮಾನ್ಯ ಎಂದು ಅಮೆರಿಕದ ವೈದ್ಯಕೀಯ ಸಂಸ್ಥೆ 1999ರಲ್ಲಿ ಹೇಳಿತ್ತು. ದಣಿವು, ಕೀಲುನೋವು, ಮರೆವನ್ನು ಹೇಳಿಕೊಳ್ಳುವ ಮಹಿಳೆಯರಿದ್ದಾರೆ. ಇಂಪ್ಲಾಂಟ್ ತೆಗೆಸಿದ ಮೇಲೆ ಕೆಲವರು ಚೇತರಿಸಿಕೊಂಡಿದ್ದಾರೆ. ಕಾರಣ ಇನ್ನೂ ಸ್ಪಷ್ಟವಾಗಿಲ್ಲ. ಕಾರಣ ತಿಳಿಯದು ಎಂದ ಮಾತ್ರಕ್ಕೆ ನೋವು ಸುಳ್ಳಾಗುವುದಿಲ್ಲ.

ನಮ್ಮ ದೇಶದಲ್ಲಿ

ಗುರುತು ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಉದಾಹರಣೆ ನಮ್ಮಲ್ಲೇ ಇದೆ. ಜಾನ್ಸನ್ ಅಂಡ್ ಜಾನ್ಸನ್‌ನ ಅಂಗಸಂಸ್ಥೆ ಡೆಪ್ಯೂ ತನ್ನ ಎಎಸ್‌ಆರ್ ಸೊಂಟದ ಕೀಲನ್ನು 2010ರಲ್ಲಿ ಹಿಂತೆಗೆದುಕೊಂಡಿತು. ಭಾರತದಲ್ಲಿ ಅದನ್ನು ಬಳಸಿದ ಸುಮಾರು 4,700 ಶಸ್ತ್ರಚಿಕಿತ್ಸೆಗಳು ನಡೆದಿದ್ದವು. ಸುಮಾರು 3,600 ರೋಗಿಗಳ ಪತ್ತೆಯೇ ಸಿಗಲಿಲ್ಲವೆಂದು ಕೇಂದ್ರ ಸರ್ಕಾರ ನೇಮಿಸಿದ ತಜ್ಞರ ಸಮಿತಿ ತಿಳಿಸಿತು. ನೆದರ್ಲೆಂಡ್ಸ್ 2015ರಿಂದ ರಾಷ್ಟ್ರಮಟ್ಟದಲ್ಲಿ ಸ್ತನ ಇಂಪ್ಲಾಂಟ್‌ಗಳ ನೋಂದಣಿ ನಡೆಸುತ್ತಿದೆ. ರೋಗಿ ಬೇಡವೆಂದರೆ ಮಾತ್ರ ಹೆಸರು ಬಿಡುತ್ತಾರೆ. ನಾವು ಕಲಿಯಬೇಕಾದ ಪದ್ಧತಿ ಇದು.

ವೈದ್ಯಕೀಯ ಸಾಧನಗಳಿಂದಾಗುವ ತೊಂದರೆಗಳನ್ನು ದಾಖಲಿಸಲು ಭಾರತದಲ್ಲಿ 2015ರ ಜುಲೈನಲ್ಲಿ ಮೆಟೀರಿಯೋವಿಜಿಲೆನ್ಸ್ ಕಾರ್ಯಕ್ರಮ ಆರಂಭವಾಯಿತು. ಗಾಜಿಯಾಬಾದಿನ ಭಾರತೀಯ ಔಷಧಕೋಶ ಆಯೋಗ ಇದರ ಕೇಂದ್ರ. ವೈದ್ಯರಷ್ಟೇ ಅಲ್ಲ, ರೋಗಿಯೂ ವರದಿ ಮಾಡಬಹುದು. ಇದು ಒಳ್ಳೆಯ ವ್ಯವಸ್ಥೆ; ಆದರೆ ತೊಂದರೆಯಾದವರು ತಾವಾಗಿ ತಿಳಿಸಿದರೆ ಅಂಶ ಮಾತ್ರ ದೊರೆಯುತ್ತದೆ. ಒಟ್ಟು ಎಷ್ಟು ಮಂದಿಗೆ ಹಾಕಲಾಗಿದೆ ಎಂಬ ಛೇದ ಕೈಗೆ ಸಿಗಬೇಕಾದರೆ ನೋಂದಣಿಯೇ ಬೇಕು. ಛೇದವಿಲ್ಲದ ಭಿನ್ನರಾಶಿಯಿಂದ ಯಾವ ತೀರ್ಮಾನಕ್ಕೂ ಬರಲಾಗದು.

ಅಧ್ಯಾಪಕರು ಮಾಡಬಹುದಾದ ಕೆಲಸವೊಂದಿದೆ. ದೇಹದೊಳಗೆ ಏನನ್ನೇ ಕೂರಿಸಿದರೂ, ಅದು ಸ್ಟೆಂಟ್ ಆಗಲಿ, ಕೀಲಾಗಲಿ, ಸ್ತನ ಇಂಪ್ಲಾಂಟ್ ಆಗಲಿ, ಕಂಪನಿ, ಮಾದರಿ, ಕ್ರಮಸಂಖ್ಯೆ, ದಿನಾಂಕಗಳಿರುವ ಕಾರ್ಡನ್ನು ಕೇಳಿ ಪಡೆದು ಪಡಿತರ ಚೀಟಿಯಷ್ಟೇ ಜೋಪಾನವಾಗಿ ಇಡಬೇಕೆಂದು ವಿದ್ಯಾರ್ಥಿಗಳಿಗೆ ಹೇಳಿ. ಅವರು ಮನೆಯವರಿಗೆ ಹೇಳುತ್ತಾರೆ. ವರ್ಷಗಳ ನಂತರ ಸ್ತನದಲ್ಲಿ ಹೊಸದಾಗಿ ಬಾವು, ಗಂಟು, ನೋವು ಅಥವಾ ಆಕಾರ ಬದಲಾವಣೆ ಕಂಡರೆ ಸಂಕೋಚಪಡದೆ ಆ ಕಾರ್ಡಿನೊಂದಿಗೆ ವೈದ್ಯರ ಬಳಿಗೆ ಹೋಗಬೇಕು. ಮೇಲೆ ಹೇಳಿದ ಲಿಂಫೋಮಾ ಬೇಗ ಪತ್ತೆಯಾದರೆ ಇಂಪ್ಲಾಂಟ್ ಮತ್ತು ಕವಚವನ್ನು ತೆಗೆಯುವುದರಿಂದಲೇ ಬಹುಪಾಲು ಗುಣವಾಗುತ್ತದೆ.